ಮಾರುತ್ತಿರುವುದು ಏನನ್ನು? ಸಣ್ಣ ವ್ಯಾಪಾರ ಮತ್ತು ಆನ್‌ಲೈನ್ ಪ್ರಚಾರದ ವಂಚನೆ

ಆನ್‌ಲೈನ್ ವಂಚನೆ ಎಂದೊಡನೆ ಮೋಸಹೋದ ಗ್ರಾಹಕರ ಚಿತ್ರವೇ ಮೊದಲು ಮನಸ್ಸಿಗೆ ಬರುತ್ತದೆಯಾದರೂ, ಪ್ರಚಾರ ಮಾಡಿಕೊಡುತ್ತೇವೆ ಎಂಬ ಹೆಸರಿನಲ್ಲಿ ವ್ಯಾಪಾರಿಯನ್ನೇ ಗುರಿಯಾಗಿಸಿಕೊಂಡು ನಡೆಯುವ ವಂಚನೆಗಳದು ಬೇರೆಯೇ ಒಂದು ವರ್ಗ. ಬೇಕರಿ, ಬ್ಯೂಟಿ ಪಾರ್ಲರ್, ಟ್ಯೂಷನ್ ಕೇಂದ್ರ, ಚಿಕ್ಕಮಗಳೂರಿನ ಹೋಂಸ್ಟೇ, ಇಳಕಲ್ಲಿನ ಸೀರೆ ಅಂಗಡಿ ಮುಂತಾದ ಉದ್ಯಮಗಳಲ್ಲಿ ಮಾಲೀಕರೇ ಗಲ್ಲೆಯ ಮೇಲೆ ಕುಳಿತು, ಮಾಲು ತರಿಸಿ, ಲೆಕ್ಕ ಬರೆದು, ಉಳಿದ ಸಮಯದಲ್ಲಿ ಪ್ರಚಾರವನ್ನೂ ನೋಡಿಕೊಳ್ಳಬೇಕಾಗಿರುವುದರಿಂದ, ಬಂದ ಕರೆಯನ್ನು ಪರಿಶೀಲಿಸಿ ತೀರ್ಮಾನಿಸುವ ವ್ಯವಧಾನ ಅವರಿಗೆ ಇರುವುದಿಲ್ಲ. ಮೇಲಾಗಿ ಅವರ ಫೋನ್ ನಂಬರ್ ಗುಟ್ಟಾಗಿರುವಂಥದ್ದಲ್ಲ. ಬೋರ್ಡಿನ ಮೇಲೆ, ಗೂಗಲ್ ಮ್ಯಾಪ್‌ನಲ್ಲಿ, ವಾಟ್ಸ್‌ಆ್ಯಪ್‌ನಲ್ಲಿ ಅದನ್ನು ಅವರೇ ಹಾಕಿರುತ್ತಾರೆ, ಹಾಕಲೇಬೇಕು. ವೆಬ್‌ಸೈಟಿನ ಹೆಸರು ನೋಂದಾಯಿಸಿದ ಅಥವಾ ಹೊಸದಾಗಿ ಜಿಎಸ್‌ಟಿ ಸಂಖ್ಯೆ ಪಡೆದ ಬೆನ್ನಿಗೇ ಅಪರಿಚಿತ ಕರೆಗಳು ಶುರುವಾಗುವುದು ಅನೇಕ ವ್ಯಾಪಾರಿಗಳ ಅನುಭವ.

ಇಂಥ ವಂಚನೆಯನ್ನು ಗುರುತಿಸಲು ಹಿಂದೆ ಹೇಳುತ್ತಿದ್ದ ಲಕ್ಷಣಗಳು, ಅಂದರೆ ಕಾಗುಣಿತದ ತಪ್ಪು, ಹರಕುಮುರುಕು ಭಾಷೆ, ಅಂದಗೆಟ್ಟ ಲೋಗೊ ಇವೆಲ್ಲ ಈಗ ಹೆಚ್ಚು ನೆರವಿಗೆ ಬರುವುದಿಲ್ಲ. ಕೃತಕ ಬುದ್ಧಿಮತ್ತೆಯ ಸಾಧನಗಳಿಂದ ತಪ್ಪಿಲ್ಲದ ಪತ್ರ, ಅಚ್ಚುಕಟ್ಟಾದ ಬಿಲ್ಲು, ಚೆಂದದ ಕನ್ನಡ ಕೂಡ ನಿಮಿಷದಲ್ಲಿ ಸಿದ್ಧವಾಗುತ್ತವೆ. ಕರೆ ಮಾಡಿದವರು ಪ್ರಾಮಾಣಿಕರೇ ಅಲ್ಲವೇ ಎಂದು ಮಾತಿನ ಧಾಟಿಯಿಂದ ಅಳೆಯುವುದಕ್ಕಿಂತ, ಅವರು ಮಾರುತ್ತಿರುವುದು ನಿಖರವಾಗಿ ಏನನ್ನು ಎಂದು ಕೇಳಿಕೊಳ್ಳುವುದು ಹೆಚ್ಚು ಪ್ರಯೋಜನಕರ. ಪ್ರಚಾರ ವಂಚನೆಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ, ಮಾರಾಟಕ್ಕಿಟ್ಟ ವಸ್ತು ಬಹುಮಟ್ಟಿಗೆ ಉಚಿತವಾಗಿಯೇ ಸಿಗುವಂಥದ್ದಾಗಿರುತ್ತದೆ, ಇಲ್ಲವೇ ಮಾರುವವರ ಕೈಯಲ್ಲೇ ಇಲ್ಲದ್ದಾಗಿರುತ್ತದೆ, ಅದೂ ಅಲ್ಲದಿದ್ದರೆ ಮೊದಲಿನಿಂದಲೂ ವ್ಯಾಪಾರಿಗೇ ಸೇರಿದ್ದಾಗಿರುತ್ತದೆ.

ಉಚಿತವಾದದ್ದನ್ನು ಮಾರುವುದಕ್ಕೆ ಸ್ಪಷ್ಟ ನಿದರ್ಶನವೆಂದರೆ ಗೂಗಲ್ ಲಿಸ್ಟಿಂಗ್ ಹೆಸರಿನ ಕರೆ. ಅಂಗಡಿಯ ಹೆಸರು, ವಿಳಾಸ, ಸಮಯ, ಫೋಟೊ, ಗ್ರಾಹಕರ ರಿವ್ಯೂಗಳನ್ನು ಹುಡುಕಾಟದಲ್ಲಿಯೂ ಮ್ಯಾಪ್‌ನಲ್ಲಿಯೂ ತೋರಿಸುವ ಪುಟಕ್ಕೆ ಗೂಗಲ್ ಬಿಸಿನೆಸ್ ಪ್ರೊಫೈಲ್ ಎಂದು ಹೆಸರು. 2021ರವರೆಗೆ ಇದನ್ನು ಗೂಗಲ್ ಮೈ ಬಿಸಿನೆಸ್ ಎನ್ನುತ್ತಿದ್ದರು, ಹಳೆಯ ಹೆಸರು ಇನ್ನೂ ಬಳಕೆಯಲ್ಲಿದೆ. ಇದನ್ನು ತೆರೆಯುವುದಕ್ಕಾಗಲಿ ಉಳಿಸಿಕೊಳ್ಳುವುದಕ್ಕಾಗಲಿ ಗೂಗಲ್ ಹಣ ಪಡೆಯುವುದಿಲ್ಲ. ಹೀಗಿದ್ದರೂ ಮಧ್ಯಾಹ್ನದ ವ್ಯಾಪಾರದ ಗಡಿಬಿಡಿಯಲ್ಲಿ ಕರೆಯೊಂದು ಬರುತ್ತದೆ: "ಸರ್, ಗೂಗಲ್‌ನಿಂದ ಮಾತಾಡ್ತಿದೀವಿ, ನಿಮ್ಮ ಲಿಸ್ಟಿಂಗ್ ಎಕ್ಸ್‌ಪೈರ್ ಆಗಿದೆ, ಸಂಜೆಯೊಳಗೆ ರಿನ್ಯೂ ಮಾಡಿಸಿಲ್ಲ ಅಂದ್ರೆ ಮ್ಯಾಪ್‌ನಿಂದ ಹೋಗಿಬಿಡುತ್ತೆ." ಲಿಸ್ಟಿಂಗ್‌ಗೆ ಅವಧಿ ಎಂಬುದೇ ಇಲ್ಲದಿರುವುದರಿಂದ ನವೀಕರಣವೆಂಬ ಮಾತಿಗೆ ಅರ್ಥವಿಲ್ಲ. ಅಂಗಡಿ ತೆರೆದಿರುವ ಸಮಯವನ್ನು ಖಚಿತಪಡಿಸಿಕೊಳ್ಳಲು ಗೂಗಲ್‌ನ ಸ್ವಯಂಚಾಲಿತ ಕರೆ ಕೆಲವೊಮ್ಮೆ ಬರುವುದುಂಟು. ಆ ಕರೆಯಲ್ಲಿ ಹಣದ ಪ್ರಸ್ತಾಪ ಇರುವುದಿಲ್ಲ.

ಈ ಕರೆಯಲ್ಲಿ ಕೇಳುವ ಎರಡು ಮೂರು ಸಾವಿರ ರೂಪಾಯಿಗಿಂತ ದೊಡ್ಡ ಅಪಾಯ ಅದರ ಎರಡನೆಯ ಹೆಜ್ಜೆಯಲ್ಲಿದೆ. ಪ್ರೊಫೈಲ್‌ನ ಒಡೆತನವನ್ನು ದೃಢಪಡಿಸಲು ಗೂಗಲ್ ಅಂಗಡಿಯ ಫೋನಿಗೆ ಒಂದು ಕೋಡ್ ಕಳುಹಿಸುವ ವಿಧಾನವಿದ್ದು, ಕರೆ ಮಾಡಿದವರು ಆ ಕೋಡನ್ನು ತಾವೇ ತರಿಸಿ, "ಒಂದು ನಂಬರ್ ಬಂದಿದೆ, ಓದಿ ಹೇಳಿ" ಎನ್ನುತ್ತಾರೆ. ಅದನ್ನು ಓದಿ ಹೇಳಿದ ಕ್ಷಣದಲ್ಲಿ ಅಂಗಡಿಯ ಪುಟದ ಒಡೆತನ ಅವರ ಖಾತೆಗೆ ಹೋಗಬಹುದು. ನಂತರ ಅಲ್ಲಿ ಫೋನ್ ನಂಬರ್ ಬದಲಾಗಬಹುದು, ಪ್ರತಿಸ್ಪರ್ಧಿಯ ಕೊಂಡಿ ಸೇರಬಹುದು, ಪುಟವನ್ನು ಹಿಂತಿರುಗಿಸಲು ಮತ್ತೆ ಹಣ ಕೇಳಬಹುದು. ಬ್ಯಾಂಕಿನ ಒಟಿಪಿಯನ್ನು ಯಾರಿಗೂ ಹೇಳಬಾರದೆಂದು ತಿಳಿದವರು ಕೂಡ ಈ ಕೋಡನ್ನು ಹಣಕ್ಕೆ ಸಂಬಂಧಿಸಿದ್ದಲ್ಲವೆಂದು ಹಗುರವಾಗಿ ಕಾಣುತ್ತಾರೆ. ಅದು ಹಗುರವಾದುದಲ್ಲ.

ಸರ್ಕಾರಿ ನೋಂದಣಿಗಳ ಸುತ್ತಲೂ ಇದೇ ಬಗೆಯ ವ್ಯಾಪಾರ ನಡೆಯುತ್ತದೆ. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳಿಗಾಗಿ 2020ರ ಜುಲೈ 1ರಿಂದ ಜಾರಿಯಲ್ಲಿರುವ ಉದ್ಯಮ್ ನೋಂದಣಿ ಸಂಪೂರ್ಣ ಉಚಿತವಾಗಿದ್ದರೂ, ಹುಡುಕಾಟದಲ್ಲಿ ಮೇಲೆ ಕಾಣುವಂತೆ ಜಾಹೀರಾತು ಕೊಟ್ಟು, ಅಶೋಕ ಸ್ತಂಭವನ್ನು ಹೋಲುವ ಚಿಹ್ನೆ ಹಾಕಿಕೊಂಡು, ಸರ್ಕಾರಿ ಜಾಲತಾಣದಂತೆಯೇ ಕಾಣುವ ಖಾಸಗಿ ತಾಣಗಳು ಶುಲ್ಕ ವಸೂಲು ಮಾಡುತ್ತವೆ. ಅರ್ಜಿ ತುಂಬಿಕೊಡಲು ಏಜೆಂಟರು ಕೂಲಿ ಪಡೆಯುವುದು ತಪ್ಪಲ್ಲ. ತಾವೇ ಸರ್ಕಾರವೆಂಬಂತೆ ತೋರಿಸಿಕೊಂಡು ಆ ಕೂಲಿಯನ್ನು ಸರ್ಕಾರಿ ಶುಲ್ಕವೆನ್ನುವುದು ವಂಚನೆ. ವಿಳಾಸದ ಕೊನೆಯಲ್ಲಿ 'ಗವ್ ಡಾಟ್ ಇನ್' ಇದೆಯೇ ಎಂದು ನೋಡುವುದರಿಂದ ಈ ವಿಷಯ ಅಲ್ಲಿಗೇ ಇತ್ಯರ್ಥವಾಗುತ್ತದೆ.

ಎರಡನೆಯ ವರ್ಗ, ಅಂದರೆ ಮಾರುವವರ ಕೈಯಲ್ಲಿಲ್ಲದ್ದನ್ನು ಮಾರುವುದು, ಸ್ವಲ್ಪ ನಾಜೂಕಿನದು, ಏಕೆಂದರೆ ಇದರಲ್ಲಿ ಪ್ರಾಮಾಣಿಕ ಸೇವೆಗೂ ವಂಚನೆಗೂ ನಡುವಿನ ಗೆರೆ ತೆಳುವಾಗಿದೆ. ಗೂಗಲ್ ಹುಡುಕಾಟದಲ್ಲಿ ಒಂದು ಜಾಲತಾಣ ಮೇಲಿನ ಸ್ಥಾನದಲ್ಲಿ ಕಾಣುವಂತೆ ಅದರ ಬರಹ, ರಚನೆ, ವೇಗಗಳನ್ನು ಸುಧಾರಿಸುವ ಕೆಲಸಕ್ಕೆ ಎಸ್‌ಇಒ ಎನ್ನುತ್ತಾರೆ. ಇದು ನಿಜವಾದ, ಶ್ರಮದ ಕೆಲಸ, ಇದರ ಫಲ ಕಾಣಲು ತಿಂಗಳುಗಳೇ ಬೇಕು. ಆದರೆ ಮೊದಲ ಸ್ಥಾನದ ಗ್ಯಾರಂಟಿಯನ್ನು ಯಾರೂ ಕೊಡಲಾರರು ಎಂದು ಗೂಗಲ್ ಸಂಸ್ಥೆಯೇ ಜಾಲತಾಣಗಳ ಮಾಲೀಕರಿಗೆ ನೀಡಿರುವ ಮಾರ್ಗದರ್ಶನದಲ್ಲಿ ಸ್ಪಷ್ಟವಾಗಿ ಹೇಳಿದೆ. ಆದ್ದರಿಂದ "ಮೂವತ್ತು ದಿನದಲ್ಲಿ ನಂಬರ್ ಒನ್" ಎಂಬ ಮಾತು ಬಂದಲ್ಲಿಗೆ ಸಂಭಾಷಣೆಯನ್ನು ನಿಲ್ಲಿಸಬಹುದು.

ಈ ಭರವಸೆಯನ್ನು ಈಡೇರಿಸಿದಂತೆ ತೋರಿಸುವ ಕೈಚಳಕಗಳೂ ಇವೆ. ತಿಂಗಳಾದ ಮೇಲೆ ಏಜೆನ್ಸಿಯವರು ಅಂಗಡಿಯ ಸ್ವಂತ ಹೆಸರನ್ನೇ ಹುಡುಕಿ, ಅದು ಮೊದಲು ಬಂದುದನ್ನು ತೋರಿಸುತ್ತಾರೆ. ಅಂಗಡಿಯ ಹೆಸರು ಗೊತ್ತಿದ್ದವರು ಹುಡುಕಿದರೆ ಅದು ಯಾರ ಸಹಾಯವೂ ಇಲ್ಲದೆ ಮೊದಲು ಬರುತ್ತದೆ. ಇಲ್ಲವೇ ಮಾಲೀಕರ ಫೋನಿನಲ್ಲಿಯೇ, ಅಂಗಡಿಯೊಳಗೆ ಕುಳಿತೇ ಹುಡುಕಿಸುತ್ತಾರೆ. ಹುಡುಕುವವರು ಇರುವ ಜಾಗ ಮತ್ತು ಹಿಂದೆ ಅವರು ನೋಡಿದ ಪುಟಗಳಿಗೆ ಅನುಗುಣವಾಗಿ ಫಲಿತಾಂಶ ಬದಲಾಗುವುದರಿಂದ, ಅಲ್ಲಿ ಮೇಲೆ ಬಂದದ್ದು ಎರಡು ಮೈಲಿ ಆಚೆ ಇರುವವರಿಗೆ ಕಾಣದೇ ಇರಬಹುದು. ಹುಬ್ಬಳ್ಳಿಯ ಅಡುಗೆ ಗುತ್ತಿಗೆದಾರರೊಬ್ಬರು ಪರೀಕ್ಷಿಸಬೇಕಾದದ್ದು ತಮ್ಮ ಹೆಸರನ್ನಲ್ಲ, 'ಹುಬ್ಬಳ್ಳಿ ಮದುವೆ ಕೇಟರಿಂಗ್' ಎಂಬಂತೆ ಹೆಸರರಿಯದ ಗಿರಾಕಿ ಬೆರಳಚ್ಚಿಸುವ ಪದಗಳನ್ನು, ಅದೂ ಬೇರೆ ಬಡಾವಣೆಯಲ್ಲಿರುವ ಸಂಬಂಧಿಕರ ಫೋನಿನಲ್ಲಿ. ಬಂದ ಫಲಿತಾಂಶದ ಮೇಲೆ 'ಪ್ರಾಯೋಜಿತ' ಎಂಬ ಗುರುತಿದ್ದರೆ ಅದು ಹಣ ಕೊಟ್ಟು ಪಡೆದ ಜಾಹೀರಾತಿನ ಜಾಗ. ಹಣ ನಿಂತ ದಿನ ಅದೂ ಹೋಗುತ್ತದೆ.

ಹಿಂಬಾಲಕರು ಮತ್ತು ರಿವ್ಯೂಗಳ ಮಾರಾಟದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸಾವಿರಗಟ್ಟಲೆ ಕೊಂಡ ಹಿಂಬಾಲಕರು ಕೇಕು ಕೊಳ್ಳುವುದಿಲ್ಲ, ಸೀರೆ ಕೊಳ್ಳುವುದಿಲ್ಲ. ಸಾಮಾಜಿಕ ಜಾಲತಾಣಗಳು ಅಂಥ ಖಾತೆಗಳನ್ನು ಆಗಾಗ ತೆಗೆದುಹಾಕುವುದರಿಂದ ಸಂಖ್ಯೆಯೂ ಉಳಿಯುವುದಿಲ್ಲ. ಕೊಂಡ ರಿವ್ಯೂ ಇನ್ನೂ ಕೆಟ್ಟದ್ದು: ಆನ್‌ಲೈನ್ ರಿವ್ಯೂಗಳಲ್ಲಿನ ಸುಳ್ಳನ್ನು ತಡೆಯಲು ಭಾರತೀಯ ಮಾನಕ ಬ್ಯೂರೊ 2022ರಲ್ಲಿಯೇ ಐಎಸ್ 19000 ಎಂಬ ಮಾನಕವನ್ನು ಪ್ರಕಟಿಸಿದ್ದು, ಸುಳ್ಳು ರಿವ್ಯೂ ಕೊಳ್ಳುವ ವ್ಯಾಪಾರಿ ಇಲ್ಲಿ ವಂಚನೆಗೆ ಒಳಗಾದವರಷ್ಟೇ ಅಲ್ಲ, ತಮ್ಮ ಗ್ರಾಹಕರ ಮಟ್ಟಿಗೆ ವಂಚಿಸಿದವರೂ ಆಗುತ್ತಾರೆ. ಐದು ಸ್ಟಾರ್ ಮಾರುವವರಿಗೆ ಒಂದು ಸ್ಟಾರಿನ ಮಳೆ ಸುರಿಸುವುದೂ ಕಷ್ಟವಲ್ಲ. ಮೊದಲು ಕೆಟ್ಟ ರಿವ್ಯೂಗಳನ್ನು ಹಾಕಿಸಿ, ನಂತರ ತೆಗೆಸಿಕೊಡುತ್ತೇವೆಂದು ಹಣ ಕೇಳುವುದು ಸುಲಿಗೆಯ ಒಂದು ರೂಪ. ಅಂಥ ಸಂದರ್ಭದಲ್ಲಿ ಹಣ ಕೊಡದೆ, ಬೆದರಿಕೆಯ ಸಂದೇಶಗಳ ಸ್ಕ್ರೀನ್‌ಶಾಟ್ ಇಟ್ಟುಕೊಂಡು, ಪ್ರತಿ ರಿವ್ಯೂವನ್ನೂ ಅದರ ಪಕ್ಕದ ಮೂರು ಚುಕ್ಕಿಯ ಗುಂಡಿಯ ಮೂಲಕ ಗೂಗಲ್‌ಗೆ ವರದಿ ಮಾಡುವುದು ಸರಿಯಾದ ಕ್ರಮ.

ಜಾಹೀರಾತು ನಡೆಸಿಕೊಡುವ ಏಜೆನ್ಸಿಗಳ ವಿಷಯದಲ್ಲಿ ಪ್ರಶ್ನೆ ಬೇರೆ ರೂಪ ಪಡೆಯುತ್ತದೆ. ವ್ಯಾಪಾರಿ ತಿಂಗಳಿಗೆ ಇಪ್ಪತ್ತು ಸಾವಿರ ಕೊಟ್ಟರೆ ಅದರಲ್ಲಿ ಎಷ್ಟು ಫೇಸ್‌ಬುಕ್‌ನ ಒಡೆಯನಾದ ಮೆಟಾ ಅಥವಾ ಗೂಗಲ್ ಸಂಸ್ಥೆಗೆ ಹೋಯಿತು, ಎಷ್ಟು ಏಜೆನ್ಸಿಯ ಕೂಲಿಯಾಯಿತು ಎಂಬುದು ಗೊತ್ತಾಗದಂತೆ ಒಂದೇ ಮೊತ್ತದ ಪ್ಯಾಕೇಜ್ ಹೇಳುವುದು ವಾಡಿಕೆ, ಮತ್ತು ಆ ಮಸುಕಿನಲ್ಲೇ ಬಹುಪಾಲು ಹಣ ಸೋರುತ್ತದೆ. ಇದನ್ನು ಪರೀಕ್ಷಿಸಲು ಸಾರ್ವಜನಿಕ ಸಾಧನಗಳಿವೆ. ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂಗಳಲ್ಲಿ ಸದ್ಯ ಓಡುತ್ತಿರುವ ಜಾಹೀರಾತುಗಳನ್ನೆಲ್ಲ ಮೆಟಾ ಆ್ಯಡ್ ಲೈಬ್ರರಿ ಎಂಬ ಪುಟದಲ್ಲಿ ಯಾರು ಬೇಕಾದರೂ ಪುಟದ ಹೆಸರು ಕೊಟ್ಟು ನೋಡಬಹುದು. ಗೂಗಲ್ ಕೂಡ 2023ರಲ್ಲಿ ಆ್ಯಡ್ಸ್ ಟ್ರಾನ್ಸ್‌ಪರೆನ್ಸಿ ಸೆಂಟರ್ ಎಂಬ ಇಂಥದೇ ವ್ಯವಸ್ಥೆಯನ್ನು ತೆರೆದಿದೆ. ಜಾಹೀರಾತು ಜೋರಾಗಿ ಓಡುತ್ತಿದೆಯೆಂದು ಏಜೆನ್ಸಿ ಹೇಳುತ್ತಿರುವ ದಿನ ಲೈಬ್ರರಿಯಲ್ಲಿ ಅಂಗಡಿಯ ಹೆಸರಿನ ಮುಂದೆ ಏನೂ ಇಲ್ಲದಿದ್ದರೆ ವಿವರಣೆ ಕೇಳಬೇಕು. ಆದರೆ ಸಾಮಾನ್ಯ ವ್ಯಾಪಾರಿ ಜಾಹೀರಾತಿಗೆ ಎಷ್ಟು ಖರ್ಚಾಯಿತೆಂಬುದು ಅಲ್ಲಿ ಕಾಣುವುದಿಲ್ಲ. ಖರ್ಚು ತಿಳಿಯಬೇಕಾದರೆ ಜಾಹೀರಾತಿನ ಖಾತೆಯೇ ವ್ಯಾಪಾರಿಯ ಹೆಸರಿನಲ್ಲಿದ್ದು, ಅದಕ್ಕೆ ವ್ಯಾಪಾರಿಯ ಕಾರ್ಡ್ ಜೋಡಣೆಯಾಗಿ, ಮೆಟಾ ಅಥವಾ ಗೂಗಲ್‌ನ ಬಿಲ್ಲು ನೇರವಾಗಿ ವ್ಯಾಪಾರಿಗೆ ಬರುವಂತಿರಬೇಕು. ಮಧ್ಯವರ್ತಿ ಸಂಸ್ಥೆಗಳು ತಮ್ಮ ಗ್ರಾಹಕರಿಗೆ ಜಾಹೀರಾತಿನ ವೆಚ್ಚ, ಕ್ಲಿಕ್‌ಗಳ ಸಂಖ್ಯೆ ಮತ್ತು ಎಷ್ಟು ಬಾರಿ ಪ್ರದರ್ಶನವಾಯಿತೆಂಬ ಲೆಕ್ಕವನ್ನು ಕೊಡಬೇಕೆಂದು ಗೂಗಲ್‌ನ ನಿಯಮವೇ ಹೇಳುತ್ತದೆಯಾದ್ದರಿಂದ, ಲೆಕ್ಕ ಕೇಳುವುದು ಅಪನಂಬಿಕೆಯ ಮಾತಾಗುವುದಿಲ್ಲ.

ಇಲ್ಲಿಂದಲೇ ಮೂರನೆಯ ವರ್ಗ ಆರಂಭವಾಗುತ್ತದೆ. ವ್ಯಾಪಾರಿಗೇ ಸೇರಿದ್ದನ್ನು ವ್ಯಾಪಾರಿಗೇ ಮಾರುವ ಈ ವಂಚನೆ ಮೂರರಲ್ಲಿ ಹೆಚ್ಚು ಹಾನಿಕರವೆಂದು ಹೇಳಬೇಕು, ಯಾಕೆಂದರೆ ಇದು ಅಪರಿಚಿತರಿಂದಲ್ಲ, ಒಂದೆರಡು ವರ್ಷ ಚೆನ್ನಾಗಿಯೇ ಕೆಲಸ ಮಾಡಿಕೊಟ್ಟವರಿಂದ ಬರುತ್ತದೆ. ಜಾಲತಾಣದ ಹೆಸರನ್ನು, ಅಂದರೆ ಡೊಮೈನ್ ಅನ್ನು, ಏಜೆನ್ಸಿಯವರು ತಮ್ಮ ಇಮೇಲ್‌ನಲ್ಲಿ, ತಮ್ಮ ಖಾತೆಯಲ್ಲಿ ನೋಂದಾಯಿಸಿರುತ್ತಾರೆ. ಫೇಸ್‌ಬುಕ್ ಪೇಜನ್ನು ತಮ್ಮ ಹುಡುಗನ ಖಾತೆಯಿಂದ ತೆರೆದಿರುತ್ತಾರೆ. ಗೂಗಲ್ ಪ್ರೊಫೈಲ್‌ಗೆ ತಾವೇ ಮುಖ್ಯ ಒಡೆಯರಾಗಿರುತ್ತಾರೆ. ಅಂಗಡಿಯ ಬಾಡಿಗೆ ಕರಾರನ್ನು ಬೋರ್ಡು ಬರೆಯಲು ಬಂದವರ ಹೆಸರಿಗೆ ಮಾಡಿಸಿದಂತಾಗಿರುವ ಈ ಸ್ಥಿತಿ, ಸಂಬಂಧ ಚೆನ್ನಾಗಿರುವಷ್ಟು ದಿನ ಗಮನಕ್ಕೇ ಬರುವುದಿಲ್ಲ. ಏಜೆನ್ಸಿ ಬದಲಿಸಲು ಹೊರಟಾಗ, ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸಿನಲ್ಲಿ ನವೀಕರಣವಾಗುವ ಡೊಮೈನಿಗೆ ಅದರ ಹತ್ತಾರು ಪಟ್ಟು ಬೇಡಿಕೆ ಬರುತ್ತದೆ.

ಇದಕ್ಕೆ ಪರಿಹಾರ ಕೆಲಸ ಶುರುವಾಗುವ ಮುನ್ನವೇ ಇದೆ. ಅಂಗಡಿಯ ಹೆಸರಿನಲ್ಲಿ ಒಂದು ಇಮೇಲ್ ತೆರೆದು, ಅದರ ಪಾಸ್‌ವರ್ಡನ್ನು ಮನೆಯವರ ಹೊರತು ಯಾರಿಗೂ ಕೊಡದೆ, ಡೊಮೈನ್, ಪೇಜ್, ಪ್ರೊಫೈಲ್, ಜಾಹೀರಾತಿನ ಖಾತೆ ಎಲ್ಲವನ್ನೂ ಅದರಿಂದಲೇ ತೆರೆಯಬೇಕು. ಏಜೆನ್ಸಿಗೆ ಬೇಕಾದದ್ದು ಪಾಸ್‌ವರ್ಡ್ ಅಲ್ಲ, ಪ್ರವೇಶದ ಅನುಮತಿ. ಮೆಟಾದಲ್ಲಿ ಏಜೆನ್ಸಿಯನ್ನು ಪಾಲುದಾರರೆಂದು ಸೇರಿಸುವ, ಗೂಗಲ್ ಪ್ರೊಫೈಲ್‌ನಲ್ಲಿ ಮ್ಯಾನೇಜರ್ ಎಂಬ ಕೆಳದರ್ಜೆಯ ಪಾತ್ರವನ್ನಷ್ಟೇ ಕೊಡುವ ಅವಕಾಶವಿದ್ದು, ಬೇಡವೆನಿಸಿದ ದಿನ ಆ ಅನುಮತಿಯನ್ನು ಹಿಂಪಡೆಯಬಹುದು. ಡೊಮೈನ್ ಯಾವ ಸಂಸ್ಥೆಯ ಮೂಲಕ ನೋಂದಣಿಯಾಗಿದೆ, ಯಾವಾಗ ಮುಗಿಯುತ್ತದೆ ಎಂಬುದನ್ನು ಹೂಈಸ್ ಎಂಬ ಸಾರ್ವಜನಿಕ ದಾಖಲೆಯಲ್ಲಿ ನೋಡಬಹುದು. ಡಾಟ್ ಇನ್ ಹೆಸರುಗಳನ್ನು ನಿರ್ವಹಿಸುವ ನಿಕ್ಸಿ ಸಂಸ್ಥೆಯಲ್ಲಿ ವಿವಾದ ಇತ್ಯರ್ಥದ ವ್ಯವಸ್ಥೆ ಇದೆಯಾದರೂ ಅದಕ್ಕೆ ತಗಲುವ ಖರ್ಚು ಸಣ್ಣ ಅಂಗಡಿಗೆ ಹಗುರವಾದುದಲ್ಲ.

ಖಾತೆಯ ಕೀಲಿ ಕಸಿಯುವ ಪ್ರಯತ್ನ ಹೊರಗಿನವರಿಂದಲೂ ಬರುತ್ತದೆ. "ನಿಮ್ಮ ಪೇಜ್ ಕಾಪಿರೈಟ್ ನಿಯಮ ಉಲ್ಲಂಘಿಸಿದೆ, 24 ಗಂಟೆಯೊಳಗೆ ಮೇಲ್ಮನವಿ ಸಲ್ಲಿಸದಿದ್ದರೆ ಶಾಶ್ವತವಾಗಿ ಅಳಿಸಲಾಗುವುದು" ಎಂಬ ನೋಟಿಸು ಮೆಸೆಂಜರ್‌ನಲ್ಲಿ, ಮೆಟಾದ ನೀಲಿ ಚಿಹ್ನೆಯನ್ನು ಪ್ರೊಫೈಲ್ ಚಿತ್ರವಾಗಿ ಹಾಕಿಕೊಂಡ ಯಾವುದೋ ಖಾತೆಯಿಂದ ಬಂದಿರುತ್ತದೆ. ಅದರಲ್ಲಿನ ಕೊಂಡಿಯನ್ನು ಒತ್ತಿದರೆ ಥೇಟ್ ಫೇಸ್‌ಬುಕ್‌ನಂತಿರುವ ಪುಟ ತೆರೆದು, ಮೊದಲು ಪಾಸ್‌ವರ್ಡ್, ನಂತರ ಫೋನಿಗೆ ಬಂದ ಎರಡನೇ ಹಂತದ ಕೋಡ್ ಕೇಳುತ್ತದೆ. ಜಾಲದ ವಿಳಾಸವನ್ನು ಓದುವ ಕ್ರಮ ಇಲ್ಲಿ ಗೊತ್ತಿರಬೇಕು: ಮೊದಲ ಓರೆಗೆರೆಗೆ ಮುಂಚಿನ ಭಾಗವನ್ನು ಬಲದಿಂದ ಎಡಕ್ಕೆ ಓದಬೇಕು; ಕೊನೆಯಲ್ಲಿರುವ 'ಡಾಟ್ ಕಾಂ'ನಂಥ ಬಾಲಕ್ಕೆ ತಾಗಿದಂತೆ ಅದರ ಎಡಕ್ಕಿರುವ ಹೆಸರು ಯಾರದೋ ಆ ತಾಣ ಅವರದು. 'ಫೇಸ್‌ಬುಕ್' ಎಂಬ ಪದ ವಿಳಾಸದ ಆರಂಭದಲ್ಲಿದ್ದು, ಚುಕ್ಕಿಯ ನಂತರ ಬೇರೆ ಹೆಸರೊಂದು ಬಾಲಕ್ಕೆ ಅಂಟಿಕೊಂಡಿದ್ದರೆ ಅದು ಫೇಸ್‌ಬುಕ್ ಅಲ್ಲ. ಮೆಟಾದ ವ್ಯಾಪಾರಿ ಖಾತೆಗಳ ಆಹ್ವಾನ ವ್ಯವಸ್ಥೆಯನ್ನೇ ಬಳಸಿ, ಖಾತೆಗೆ ಅಧಿಕೃತವೆನಿಸುವ ಹೆಸರಿಟ್ಟು ಬಲೆ ಬೀಸುವವರೂ ಇರುವುದರಿಂದ, ಕಳುಹಿಸಿದ ಇಮೇಲ್ ವಿಳಾಸ ನಿಜವಾಗಿದ್ದ ಮಾತ್ರಕ್ಕೆ ಸಂದೇಶ ನಿಜವೆಂದು ಹೇಳಲಾಗದು. ಕೊಂಡಿಯನ್ನು ಮುಟ್ಟದೆ ಆ್ಯಪ್ ತೆರೆದು, ಸೆಟಿಂಗ್ಸ್‌ನಲ್ಲಿ ಖಾತೆಯ ಸ್ಥಿತಿಗತಿಯನ್ನು ತೋರಿಸುವ ಪುಟವನ್ನು ನೋಡುವುದೇ ಖಚಿತವಾದ ದಾರಿ. ನಿಜವಾದ ಉಲ್ಲಂಘನೆ ಇದ್ದರೆ ಅಲ್ಲಿ ಇದ್ದೇ ಇರುತ್ತದೆ. ಕೈತಪ್ಪಿದ ಖಾತೆಯ ಹಿಂದೆ ಜಾಹೀರಾತಿಗಾಗಿ ಜೋಡಿಸಿದ ಕಾರ್ಡ್ ಕೂಡ ಹೋಗುತ್ತದೆಂಬುದನ್ನು, ಆ ಕಾರ್ಡಿನಿಂದ ಯಾರದೋ ಜಾಹೀರಾತು ಓಡುತ್ತದೆಂಬುದನ್ನು ಮರೆಯಬಾರದು.

ಟ್ರೇಡ್‌ಮಾರ್ಕ್ ಪಡೆದವರಿಗೆ ಬರುವ ಸುಳ್ಳು ಬಿಲ್ಲುಗಳು ಇದೇ ಕುಟುಂಬಕ್ಕೆ ಸೇರಿವೆ. ಟ್ರೇಡ್‌ಮಾರ್ಕ್ ಅರ್ಜಿಗಳು ಸರ್ಕಾರಿ ಜರ್ನಲ್‌ನಲ್ಲಿ ವಿಳಾಸ ಸಮೇತ ಪ್ರಕಟವಾಗುವುದರಿಂದ, ಅಂತರರಾಷ್ಟ್ರೀಯ ನೋಂದಣಿಯ ಹೆಸರಿನ ಬಿಲ್ಲುಗಳು ವ್ಯಾಪಾರಿಗಳಿಗೆ ತಲುಪುತ್ತವೆ. ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ ಇಂಥ ಬಿಲ್ಲುಗಳ ಬಗ್ಗೆ ಬಹುಕಾಲದಿಂದ ಎಚ್ಚರಿಸುತ್ತಾ ಬಂದಿದೆ. ಭಾರತದಲ್ಲಿ ಟ್ರೇಡ್‌ಮಾರ್ಕ್ ನವೀಕರಣ ಹತ್ತು ವರ್ಷಕ್ಕೊಮ್ಮೆ ಮಾತ್ರ.

ಪ್ರಚಾರ ಫಲಿಸಿ ಕರೆಗಳು ಬರತೊಡಗಿದ ಮೇಲೆ, ಗಿರಾಕಿಯ ವೇಷದಲ್ಲಿ ಬರುವವರನ್ನೂ ಗಮನಿಸಬೇಕಾಗುತ್ತದೆ. ಸೇನೆಯ ಅಧಿಕಾರಿಯೆಂದು ಹೇಳಿಕೊಂಡು, ಗುರುತಿನ ಚೀಟಿಯ ಫೋಟೊ ಕಳುಹಿಸಿ, ಕ್ಯಾಂಪಿಗೆ ನೂರು ಊಟ ಅಥವಾ ಇಪ್ಪತ್ತು ಕುರ್ಚಿ ಬೇಕೆಂದು ದೊಡ್ಡ ಆರ್ಡರ್ ಕೊಟ್ಟು, ಬೆಲೆಯಲ್ಲಿ ಚೌಕಾಸಿಯನ್ನೇ ಮಾಡದೆ, ಹಣ ಸಂದಾಯದ ಹೊತ್ತಿಗೆ "ನಮ್ಮಲ್ಲಿ ಪದ್ಧತಿಯೇ ಬೇರೆ, ನಾವು ಕಳುಹಿಸುವ ಕ್ಯೂಆರ್ ಕೋಡನ್ನು ನೀವು ಸ್ಕ್ಯಾನ್ ಮಾಡಿ ಪಿನ್ ಹಾಕಿ, ಹಣ ನಿಮಗೆ ಬರುತ್ತದೆ" ಎನ್ನುವುದು ದೇಶದಾದ್ಯಂತ ಕಂಡುಬಂದಿರುವ ವಿಧಾನ. ಯುಪಿಐ ಮೂಲಕ ಹಣದ ವರ್ಗಾವಣೆಯಲ್ಲಿ ಪಿನ್ ಬೇಕಾಗುವುದು ಹಣ ಹೊರಹೋಗುವಾಗ ಮಾತ್ರ. ಹಣ ಪಡೆಯಲು ಪಿನ್ ಹಾಕುವ ಪ್ರಸಂಗವೇ ಇಲ್ಲ. ಒಬ್ಬ ವ್ಯಕ್ತಿ ಇನ್ನೊಬ್ಬ ವ್ಯಕ್ತಿಗೆ ಹಣ ಕೋರಿ ಕಳುಹಿಸುವ 'ಕಲೆಕ್ಟ್' ಕೋರಿಕೆಯನ್ನು ರಾಷ್ಟ್ರೀಯ ಪಾವತಿ ನಿಗಮ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದ್ದರಿಂದ ಒಂದು ಬಾಗಿಲು ಮುಚ್ಚಿದೆಯಾದರೂ ಕ್ಯೂಆರ್ ಕೋಡಿನ ದಾರಿ ತೆರೆದೇ ಇದೆ. ಐದು ಸಾವಿರದ ಬದಲು ತಪ್ಪಿ ಐವತ್ತು ಸಾವಿರ ಹಾಕಿಬಿಟ್ಟೆ, ಉಳಿದದ್ದನ್ನು ಕೂಡಲೇ ಹಿಂತಿರುಗಿಸಿ ಎಂದು ಅಳುವ ದನಿಯಲ್ಲಿ ಕೇಳುವವರಿಗೆ, ಬಂದ ಎಸ್‌ಎಂಎಸ್ ನೋಡಿ ಅಲ್ಲ, ಬ್ಯಾಂಕಿನ ಆ್ಯಪ್‌ನಲ್ಲಿ ಶಿಲ್ಕು ನೋಡಿ ಉತ್ತರಿಸಬೇಕು. ಆ ಎಸ್‌ಎಂಎಸ್ ಬ್ಯಾಂಕಿನ ಹೆಸರಿನ ಬದಲು ಸಾಮಾನ್ಯ ಹತ್ತಂಕಿಯ ಮೊಬೈಲ್ ನಂಬರಿನಿಂದ ಬಂದಿದ್ದರೆ ಅದು ಬ್ಯಾಂಕಿನದಲ್ಲ.

ಏಜೆನ್ಸಿಯೊಂದನ್ನು ಗೊತ್ತುಮಾಡುವ ಮುನ್ನ ಅದರ ಹಿನ್ನೆಲೆಯನ್ನು ಪರಿಶೀಲಿಸಲು ಹತ್ತು ನಿಮಿಷ ಸಾಕು, ಮತ್ತು ಅದಕ್ಕೆ ಬೇಕಾದ ಸುಳಿವು ಅವರದೇ ಕಾಗದಪತ್ರಗಳ ಮೇಲೆ ಇರುತ್ತದೆ. ಜಿಎಸ್‌ಟಿ ಸಂಖ್ಯೆ ಹದಿನೈದು ಅಕ್ಷರಗಳದ್ದು: ಮೊದಲ ಎರಡು ಅಂಕಿ ರಾಜ್ಯದ ಸಂಕೇತ, ಕರ್ನಾಟಕಕ್ಕೆ 29, ಆಮೇಲಿನ ಹತ್ತು ಅಕ್ಷರ ಆ ಉದ್ಯಮದ ಪ್ಯಾನ್ ಸಂಖ್ಯೆ. ಪ್ಯಾನ್‌ನ ನಾಲ್ಕನೆಯ ಅಕ್ಷರ, ಅಂದರೆ ಜಿಎಸ್‌ಟಿ ಸಂಖ್ಯೆಯಲ್ಲಿ ಆರನೆಯದು, ಇಂಗ್ಲಿಷಿನ 'ಪಿ' ಆಗಿದ್ದರೆ ಅದು ಒಬ್ಬ ವ್ಯಕ್ತಿಯ ಹೆಸರಿನ ವ್ಯವಹಾರ, 'ಸಿ' ಆಗಿದ್ದರೆ ಕಂಪನಿ, 'ಎಫ್' ಆಗಿದ್ದರೆ ಪಾಲುದಾರಿಕೆ ಸಂಸ್ಥೆ. ಬಿಲ್ಲಿನ ತಲೆಬರಹದಲ್ಲಿ ಪ್ರೈವೇಟ್ ಲಿಮಿಟೆಡ್ ಎಂದಿದ್ದು ಆರನೆಯ ಅಕ್ಷರ 'ಪಿ' ಆಗಿದ್ದರೆ ಎರಡರಲ್ಲೊಂದು ಸುಳ್ಳು. ಈ ಸಂಖ್ಯೆಯನ್ನು ಜಿಎಸ್‌ಟಿ ಜಾಲತಾಣದ ತೆರಿಗೆದಾರರ ಹುಡುಕಾಟದಲ್ಲಿ ಹಾಕಿದರೆ ನಿಜವಾದ ಹೆಸರು, ನೋಂದಣಿಯ ದಿನಾಂಕ, ಅದು ಚಾಲ್ತಿಯಲ್ಲಿದೆಯೇ ರದ್ದಾಗಿದೆಯೇ ಎಂಬುದೆಲ್ಲ ಲಾಗಿನ್ ಇಲ್ಲದೆಯೇ ಸಿಗುತ್ತದೆ. ಕಂಪನಿಯಾಗಿದ್ದರೆ ಅದಕ್ಕೆ ಸಿಐಎನ್ ಎಂಬ ಇಪ್ಪತ್ತೊಂದು ಅಕ್ಷರಗಳ ಗುರುತುಸಂಖ್ಯೆ ಇದ್ದು, ಅದರೊಳಗೆ ರಾಜ್ಯದ ಎರಡು ಅಕ್ಷರಗಳ ಬೆನ್ನಿಗೇ ಸ್ಥಾಪನೆಯ ವರ್ಷ ಇರುತ್ತದೆ. ಹದಿನೈದು ವರ್ಷದ ಅನುಭವವೆಂದು ಹೇಳಿಕೊಳ್ಳುವ ಕಂಪನಿಯ ಸಿಐಎನ್‌ನಲ್ಲಿ 2024 ಎಂದಿದ್ದರೆ ಮುಂದಿನ ಪ್ರಶ್ನೆಗಳನ್ನು ಕೇಳಲು ಅಷ್ಟು ಸಾಕು. ಜಿಎಸ್‌ಟಿ ಸಂಖ್ಯೆ ಇಲ್ಲದಿರುವುದೇ ಅಪರಾಧವಲ್ಲ, ಏಕೆಂದರೆ ಸೇವೆ ನೀಡುವವರಿಗೆ ಸಾಮಾನ್ಯವಾಗಿ ವಾರ್ಷಿಕ ವಹಿವಾಟು 20 ಲಕ್ಷ ದಾಟಿದ ಮೇಲಷ್ಟೇ ಅದು ಕಡ್ಡಾಯ. ಆದರೆ ಸಂಖ್ಯೆ ಇಲ್ಲದೆಯೇ ಬಿಲ್ಲಿನಲ್ಲಿ ಶೇ 18 ತೆರಿಗೆ ಸೇರಿಸಿದವರನ್ನು ನಂಬಲು ಕಾರಣವಿಲ್ಲ.

ಒಪ್ಪಂದದ ವಿಷಯದಲ್ಲಿ ವರ್ಷದ ಹಣವನ್ನು ಮುಂಗಡವಾಗಿ ಕೊಡದಿರುವುದು, ಏನೇನು ಕೆಲಸ ಆಗಬೇಕೆಂದು ಬರವಣಿಗೆಯಲ್ಲಿ ಪಡೆಯುವುದು, ಒಪ್ಪಂದ ಮುಗಿದಾಗ ಎಲ್ಲ ಖಾತೆಗಳನ್ನು ಒಪ್ಪಿಸಬೇಕೆಂಬ ಸಾಲನ್ನು ಸೇರಿಸುವುದು ಇಷ್ಟಾದರೂ ಇರಬೇಕು. ಪ್ರತಿ ತಿಂಗಳು ತಾನಾಗಿ ಹಣ ಕಡಿತವಾಗುವ ಆಟೊಪೇಗೆ ಒಪ್ಪಿದ್ದರೆ, ಕಡಿತಕ್ಕೆ 24 ಗಂಟೆ ಮುನ್ನ ಸೂಚನೆ ಬರಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಆ ಆಟೊಪೇಯನ್ನು ಯುಪಿಐ ಆ್ಯಪ್‌ನೊಳಗೇ ರದ್ದು ಮಾಡಬಹುದು, ಏಜೆನ್ಸಿಯ ಅಪ್ಪಣೆ ಬೇಕಿಲ್ಲ.

ಇಷ್ಟಾದ ಮೇಲೂ ಹಣ ಹೋದರೆ ಮೊದಲ ಕೆಲಸ ಸೈಬರ್ ವಂಚನೆಯ ದೂರಿಗಾಗಿಯೇ ಇರುವ 1930 ಸಹಾಯವಾಣಿಗೆ ಕರೆ ಮಾಡುವುದು ಮತ್ತು ತನ್ನ ಬ್ಯಾಂಕಿಗೆ ತಿಳಿಸುವುದು. ವಂಚಕರು ಹಣವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟಿಸುವ ಮುನ್ನವೇ ತಡೆಹಿಡಿಯುವುದು ಈ ವ್ಯವಸ್ಥೆಯ ಉದ್ದೇಶವಾದ್ದರಿಂದ ಇಲ್ಲಿ ಲೆಕ್ಕಕ್ಕೆ ಬರುವುದು ಗಂಟೆಗಳು, ದಿನಗಳಲ್ಲ; ಕರೆ ಮಾಡುವಾಗ ವಹಿವಾಟಿನ ಹನ್ನೆರಡು ಅಂಕಿಯ ಉಲ್ಲೇಖ ಸಂಖ್ಯೆ, ಮೊತ್ತ, ಸಮಯಗಳನ್ನು ಕೈಯಲ್ಲಿಟ್ಟುಕೊಳ್ಳಬೇಕು. ರಾಷ್ಟ್ರೀಯ ಸೈಬರ್ ಅಪರಾಧ ಜಾಲತಾಣದಲ್ಲಿ ದೂರು ದಾಖಲಿಸಬಹುದು, ಕರ್ನಾಟಕದ ಜಿಲ್ಲೆಗಳಲ್ಲಿರುವ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಗಳಿಗೂ ಹೋಗಬಹುದು. ಗ್ರಾಹಕರ ತಪ್ಪಿಲ್ಲದೆ ಹೊರಗಿನವರಿಂದ ಖಾತೆಯ ಹಣ ಹೋಗಿ, ಮೂರು ಕೆಲಸದ ದಿನಗಳೊಳಗೆ ಬ್ಯಾಂಕಿಗೆ ತಿಳಿಸಿದರೆ ನಷ್ಟದ ಹೊಣೆ ಗ್ರಾಹಕರದ್ದಲ್ಲವೆಂದು ರಿಸರ್ವ್ ಬ್ಯಾಂಕ್ 2017ರ ಜುಲೈನ ಸುತ್ತೋಲೆಯಲ್ಲಿ ಹೇಳಿತ್ತು. ಆದರೆ ಪಿನ್ ಅಥವಾ ಒಟಿಪಿಯನ್ನು ತಾವೇ ಕೊಟ್ಟಿದ್ದರೆ, ದೂರು ಕೊಡುವವರೆಗಿನ ನಷ್ಟ ಗ್ರಾಹಕರದ್ದೇ. ಕಂಪ್ಯೂಟರ್ ಅಥವಾ ಫೋನ್ ಮೂಲಕ ಬೇರೆಯವರಂತೆ ನಟಿಸಿ ವಂಚಿಸುವುದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಂ ಮೂರು ವರ್ಷದವರೆಗಿನ ಸೆರೆವಾಸವನ್ನು ವಿಧಿಸುತ್ತದೆ.

ಕಷ್ಟ ಬರುವುದು ನಟನೆ ಇಲ್ಲದ ವಂಚನೆಯಲ್ಲಿ. ಏಜೆನ್ಸಿ ತನ್ನ ನಿಜವಾದ ಹೆಸರಿನಲ್ಲಿಯೇ ಹಣ ಪಡೆದು, ಹೇಳಿದ ಕೆಲಸವನ್ನು ಅರೆಬರೆ ಮಾಡಿ ಕೈತೊಳೆದುಕೊಂಡರೆ, ಠಾಣೆಯಲ್ಲಿ ಅದನ್ನು ಸಿವಿಲ್ ವ್ಯಾಜ್ಯವೆಂದು ಹೇಳುವ ಸಂಭವವೇ ಹೆಚ್ಚು, ಆ ಮಾತಿನಲ್ಲಿ ಕಾನೂನಿನ ಹುರುಳೂ ಇದೆ. ಅಂಥಲ್ಲಿ ಗ್ರಾಹಕ ಆಯೋಗದ ದಾರಿಯನ್ನು ಪರಿಶೀಲಿಸಬಹುದು: 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ವಾಣಿಜ್ಯ ಉದ್ದೇಶದ ಖರೀದಿಯನ್ನು ಹೊರಗಿಟ್ಟಿದ್ದರೂ, ಸ್ವಂತ ದುಡಿಮೆಯಿಂದ ಜೀವನ ಸಾಗಿಸುವವರಿಗೆ ವಿನಾಯಿತಿಯ ವಿವರಣೆಯನ್ನು ಸೇರಿಸಿದೆ, ಮತ್ತು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ಪ್ರಾಥಮಿಕ ಸಲಹೆ ಸಿಗುತ್ತದೆ. ಈ ದಾರಿಯಲ್ಲಿ ನಡೆಯಲು ಬೇಕಾದದ್ದು ಬರವಣಿಗೆಯ ಪುರಾವೆ. ಫೋನಿನಲ್ಲಿ ಕೊಟ್ಟ ಭರವಸೆಯನ್ನು ಅದೇ ದಿನ "ತಾವು ಇಂದು ಹೀಗೆ ಹೇಳಿದಿರಿ" ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕಳುಹಿಸಿಡುವ ಅಭ್ಯಾಸ ಆಗ ಕೆಲಸಕ್ಕೆ ಬರುತ್ತದೆ.

ಹಣ ಹೋಗದಿದ್ದರೂ ಸಂಶಯದ ಕರೆ, ಸಂದೇಶಗಳನ್ನು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದ 'ಚಕ್ಷು' ವಿಭಾಗದಲ್ಲಿ ವರದಿ ಮಾಡಬಹುದು. ಎರಡು ಸಾವಿರ ರೂಪಾಯಿಗೆ ಯಾರು ಠಾಣೆ ಹತ್ತುವುದು ಎಂದು ಸುಮ್ಮನಾಗುವ ವ್ಯಾಪಾರಿಗಳು ಒಂದು ವಿಷಯವನ್ನು ಗಮನಿಸಬೇಕು: ಒಂದೇ ಬ್ಯಾಂಕ್ ಖಾತೆಗೆ ಬೇರೆಬೇರೆ ಊರುಗಳಿಂದ ಹೀಗೆ ಸಣ್ಣ ಮೊತ್ತಗಳು ಸೇರಿರುತ್ತವೆ, ಆ ದೂರುಗಳೆಲ್ಲ ದಾಖಲಾದಾಗ ಮಾತ್ರ ಅವು ಒಂದೇ ಖಾತೆಗೆ ಸಂಬಂಧಿಸಿದವೆಂದು ಪೊಲೀಸರಿಗೆ ಗೊತ್ತಾಗುತ್ತದೆ. ಆದ್ದರಿಂದ ಮೊತ್ತ ಎಷ್ಟೇ ಚಿಕ್ಕದಾಗಿರಲಿ, 1930ಕ್ಕೆ ಕರೆ ಮಾಡಿ ದೂರು ಸಂಖ್ಯೆಯನ್ನು ಪಡೆದುಕೊಳ್ಳಬೇಕು.